‘ಎಪ್ಪತ್ತರಲ್ಲೂ’ ಎಂಬ ಮಾತಿನಲ್ಲಿರುವ ಆ ಒಂದು ‘ಊ’

ಮಾನ್ಯ ಸಂಪಾದಕರೇ,

ವಯಸ್ಸಾದವರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡೇ ಸಂದರ್ಭಗಳಲ್ಲಿ: ಒಂದು, ಅವರು ಎಲ್ಲಾದರೂ ಬಿದ್ದಾಗ, ಇನ್ನೊಂದು, ಅವರು ಎಲ್ಲಾದರೂ ಓಡಿದಾಗ. ಬಿದ್ದ ಸುದ್ದಿಯಲ್ಲಿ ‘ವೃದ್ಧೆ’, ‘ವೃದ್ಧ’ ಎಂಬ ಪದವೇ ಬಿದ್ದ ಕಾರಣವನ್ನೂ ಹೇಳಿಬಿಡುತ್ತದೆ. ಓಡಿದ ಸುದ್ದಿಯಾದರೆ ‘ಎಪ್ಪತ್ತರಲ್ಲೂ ಕುಗ್ಗದ ಉತ್ಸಾಹ’, ‘ಇಳಿವಯಸ್ಸಿನಲ್ಲೂ ಬತ್ತದ ಚೈತನ್ಯ’ ಎಂಬಂಥ ತಲೆಬರಹ ತಪ್ಪುವುದಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಆ ‘ಎಪ್ಪತ್ತರಲ್ಲೂ’ ಪದದ ಕೊನೆಯಲ್ಲಿರುವ ‘ಊ’ಕಾರದ ಬಗ್ಗೆ. ನೋಡಲು ಅದು ಮೆಚ್ಚುಗೆಯ ಮಾತು. ಆದರೆ ಎಪ್ಪತ್ತಾದವರು ಕುಗ್ಗಿರಬೇಕಾದದ್ದೇ ಸಹಜ, ಕುಗ್ಗದಿರುವುದು ಸೋಜಿಗ ಎಂಬ ತೀರ್ಮಾನವನ್ನು ಅದು ಸದ್ದಿಲ್ಲದೆ ಓದುಗರ ಮನಸ್ಸಿಗೆ ದಾಟಿಸುತ್ತದೆ. ಅದನ್ನು ಓದುವ ಎಪ್ಪತ್ತರ ಇನ್ನೊಬ್ಬರು ‘ಅವರೇನೋ ಪುಣ್ಯವಂತರು’ ಎಂದು ಪತ್ರಿಕೆ ಮಡಚಿಟ್ಟು ಮತ್ತೆ ಕುರ್ಚಿಗೆ ಒರಗುತ್ತಾರೆ.

ಇದು ಬರೀ ವ್ಯಾಕರಣದ ತಕರಾರಲ್ಲ ಎಂಬುದು ನನಗೆ ಅರ್ಥವಾದದ್ದು ನನ್ನ ತಾಯಿಯವರಿಂದ. ಎರಡು ವರ್ಷಗಳ ಹಿಂದೆ, ಅವರಿಗೆ ಎಂಬತ್ತೊಂದಾಗಿದ್ದಾಗ, ಜ್ವರ ಏರಿ ಒಂಬತ್ತು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಲಿಲ್ಲ. ಜ್ವರ ಇಳಿಯಿತು, ರಕ್ತದ ವರದಿಗಳೆಲ್ಲ ಸರಿಹೋದವು. ಆದರೆ ಆ ಒಂಬತ್ತು ದಿನಗಳಲ್ಲಿ ಅವರನ್ನು ಯಾರೂ ಎಬ್ಬಿಸಿ ನಿಲ್ಲಿಸಲಿಲ್ಲ. ಎಲ್ಲಾದರೂ ಬಿದ್ದಾರೆಂಬ ಭಯಕ್ಕೆ ಮಂಚದ ಎರಡೂ ಬದಿಯ ಕಂಬಿಗಳನ್ನು ಏರಿಸಿಯೇ ಇಟ್ಟಿದ್ದರು. ನಾನೂ ಅದಕ್ಕೆ ಸಮಾಧಾನಪಟ್ಟುಕೊಂಡಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತಮ್ಮ ಕಾಲಿನಲ್ಲೇ ನಡೆದು ಒಳಗೆ ಹೋದವರು ಗಾಲಿಕುರ್ಚಿಯಲ್ಲಿ ಹೊರಗೆ ಬಂದರು. ‘ಜ್ವರ ಹೋಯಿತಲ್ಲ, ಮತ್ತೇಕೆ ನಿಲ್ಲಲಾಗುತ್ತಿಲ್ಲ?’ ಎಂದು ಕೇಳಿದ್ದಕ್ಕೆ ಅಲ್ಲಿದ್ದ ವೈದ್ಯರು ಮುಗುಳ್ನಕ್ಕು, ‘ವಯಸ್ಸಾಯ್ತಲ್ಲ ಸರ್’ ಎಂದರು. ಒಳಗೆ ಹೋಗುವಾಗ ಅವರಿಗಿದ್ದ ವಯಸ್ಸಿಗಿಂತ ಹೊರಗೆ ಬರುವಾಗ ಒಂಬತ್ತು ದಿನ ಮಾತ್ರ ಹೆಚ್ಚಾಗಿತ್ತು ಎಂಬುದು ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ನಾವು ಮಾಡಿದ್ದೂ ಅದನ್ನೇ. ನೀರು ಬೇಕೆಂದರೆ ಕೈಗೇ ತಂದುಕೊಟ್ಟೆವು, ಕನ್ನಡಕ ಬೇಕೆಂದರೆ ಓಡಿಹೋಗಿ ತಂದೆವು, ‘ಸುಮ್ಮನೆ ಕೂತ್ಕೊಳ್ಳಿ, ನಾವಿಲ್ಲವೇ?’ ಎಂದು ದಿನಕ್ಕೆ ಹತ್ತು ಸಲ ಹೇಳಿದೆವು. ಮೂರನೆಯ ವಾರದಲ್ಲಿ ಬಂದ ಫಿಸಿಯೋಥೆರಪಿಯ ಹೆಣ್ಣುಮಗಳು ಮೊದಲು ನೋಡಿದ್ದು ತಾಯಿಯವರ ಕಾಲನ್ನಲ್ಲ, ನನ್ನ ಕೈಯನ್ನು. ಅವರು ಕುರ್ಚಿಯಿಂದ ಏಳುವಾಗ ನಾನು ಅಭ್ಯಾಸಬಲದಿಂದ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿದ್ದೆ. ‘ಸರ್, ಈಗ ಎದ್ದದ್ದು ಅಮ್ಮನೋ ನೀವೋ?’ ಎಂದು ಆಕೆ ಕೇಳಿದಳು. ಆಮೇಲೆ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಅದರ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ‘ಮೂಗು ಕಾಲ್ಬೆರಳಿನ ನೇರಕ್ಕೆ ಬರೋವರೆಗೂ ಮುಂದಕ್ಕೆ ಬಾಗಿ, ಆಮೇಲೆ ಏಳಿ ಅಮ್ಮಾ’ ಎಂದಳು. ಮೊದಲ ದಿನ ಎರಡು ಸಲ, ಅದೂ ಕುರ್ಚಿಯ ಕೈಗಳನ್ನು ಅದುಮಿ ಹಿಡಿದುಕೊಂಡು. ಹತ್ತು ದಿನಕ್ಕೆ ಒಂದು ದಿಂಬು ತೆಗೆದಳು, ಇನ್ನೆರಡು ವಾರಕ್ಕೆ ಇನ್ನೊಂದನ್ನು. ಏಳನೆಯ ವಾರದಲ್ಲಿ ತಾಯಿಯವರು ಎದೆಗೆ ಕೈ ಕಟ್ಟಿಕೊಂಡು ಎಂಟು ಸಲ ಎದ್ದು ಕೂತರು. ಆ ಏಳು ವಾರಗಳಲ್ಲಿ ಅವರ ವಯಸ್ಸು ಕಡಿಮೆಯಾಗಿರಲಿಲ್ಲ.

ಇದನ್ನು ಒಂದು ಮನೆಯ ಕಥೆ ಎಂದು ಪಕ್ಕಕ್ಕಿಡಬಹುದಾಗಿತ್ತು. ಆದರೆ ಆ ಬಳಿಕ ನಾನು ಹುಡುಕಿಕೊಂಡು ಓದಿದ್ದು ನನ್ನ ನಿದ್ದೆಯನ್ನೇ ಕೆಡಿಸಿತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ, ಅವರ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಎಷ್ಟು ಕುಸಿಯುತ್ತದೆಂದು ಅಳೆದರು. ಮೂವತ್ತು ವರ್ಷಗಳ ಬಳಿಕ, ಐವತ್ತು ದಾಟಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾದದ್ದೇನೆಂದರೆ, ಮೂವತ್ತು ವರ್ಷಗಳ ವಯಸ್ಸು ಅವರಿಂದ ಕಸಿದುಕೊಂಡದ್ದಕ್ಕಿಂತ ಹೆಚ್ಚನ್ನು ಇಪ್ಪತ್ತರ ಹರೆಯದ ಆ ಮೂರು ವಾರಗಳ ಹಾಸಿಗೆ ಕಸಿದುಕೊಂಡಿತ್ತು. ಮೂವತ್ತು ವರ್ಷಗಳಲ್ಲಿ ಕಳೆದುಕೊಂಡದ್ದನ್ನೂ ಅವರು ಆರು ತಿಂಗಳ ಹದವಾದ ತರಬೇತಿಯಿಂದ ಮರಳಿ ಪಡೆದರು. ಇನ್ನು ವಯಸ್ಸಾದವರ ಮಾತು: 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲಿರಿಸಿದಾಗ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅವರಿಗೆ ಜ್ವರವಿರಲಿಲ್ಲ, ಬೇರಾವ ಕಾಯಿಲೆಯೂ ಇರಲಿಲ್ಲ. ಅವರು ಮಲಗಿದ್ದರು, ಅಷ್ಟೇ.

ಹಾಗೆಂದು ವಯಸ್ಸು ಏನನ್ನೂ ಮಾಡುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಅಂಥ ವಾದ ಹೂಡುವವರ ಬಳಿ ಮಾರಲು ಏನಾದರೂ ಇರುತ್ತದೆ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ವರ್ಷ ಕಳೆದಂತೆ ಕಡಿಮೆಯಾಗುತ್ತವೆ. ಸ್ನಾಯುವಿನ ಎಳೆಗಳ ಪೈಕಿ ಚುರುಕಾಗಿ ಸೆಳೆಯುವಂಥವು ಹೆಚ್ಚು ಸೊರಗುತ್ತವೆ. ಕಾಲು ಜಾರಿದಾಗ ತಟ್ಟನೆ ಇನ್ನೊಂದು ಕಾಲು ಮುಂದಿಟ್ಟು ಸಾವರಿಸಿಕೊಳ್ಳುವ ಕೆಲಸ ಅವುಗಳದ್ದೇ ಆದ್ದರಿಂದ ವಯಸ್ಸಾದವರು ಜಾರಿದರೆ ಬೀಳುವುದು ಹೆಚ್ಚು. ಈ ಸ್ನಾಯುಕ್ಷಯಕ್ಕೆ ‘ಸಾರ್ಕೋಪೀನಿಯಾ’ ಎಂಬ ಹೆಸರು ಬಂದದ್ದೇ 1989ರಲ್ಲಿ. ಅಲ್ಲಿಯವರೆಗೆ ಅದರ ಹೆಸರು ‘ವಯಸ್ಸಾಯಿತು’ ಎಂದಷ್ಟೇ ಆಗಿತ್ತು. ನನ್ನ ಆಕ್ಷೇಪವಿರುವುದು ಲೆಕ್ಕ ಬರೆಯುವ ರೀತಿಯ ಬಗ್ಗೆ. ವಯಸ್ಸು ಮಾಡಿದ್ದು ಇಷ್ಟು, ಕೂತಿದ್ದು ಮಾಡಿದ್ದು ಇಷ್ಟು ಎಂದು ಬಿಡಿಸಿ ನೋಡದೆ ಇಡೀ ಸಾಲವನ್ನು ವಯಸ್ಸಿನ ಖಾತೆಗೆ ಬರೆದುಬಿಟ್ಟರೆ ತೀರಿಸಬಹುದಾದ ಭಾಗವೂ ತೀರದೆ ಉಳಿಯುತ್ತದೆ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾವು ಮಕ್ಕಳನ್ನು ತಿದ್ದಲು ಬಳಸುತ್ತೇವೆಂದುಕೊಂಡಿದ್ದೇವೆ. ನಿಜದಲ್ಲಿ ಅದು ಹೆಚ್ಚು ಕೇಳಿಬರುವುದು ಅರವತ್ತು ದಾಟಿದವರ ಬಾಯಿಂದ, ಅದೂ ತಮ್ಮ ಬಗ್ಗೆಯೇ. ಆ ಗಾದೆಗೆ ಉತ್ತರ 1990ರಲ್ಲೇ ಸಿಕ್ಕಿದೆ. ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, 86ರಿಂದ 96 ವರ್ಷದವರೆಗಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಲಾಯಿತು. ಕೈಕಾಲು ಆಡಿಸುವ ಲಘು ಕಸರತ್ತಲ್ಲ. ಅವರವರು ಎತ್ತಬಲ್ಲ ಗರಿಷ್ಠ ಭಾರದ ಬಹುಪಾಲನ್ನು ಎತ್ತಿಸುವ, ನಿಜಕ್ಕೂ ಕಷ್ಟದ ವ್ಯಾಯಾಮ. ಕೊನೆಯವರೆಗೂ ಉಳಿದವರ ತೊಡೆಯ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತು, ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರ ಆಸುಪಾಸಿನ, ಹಲವು ಕಾಯಿಲೆಗಳನ್ನು ಹೊತ್ತವರ ಸ್ನಾಯುವಿಗೇ ಕೇಳಿದರೆ ಕೊಡುವ ಗುಣ ಉಳಿದಿದೆ ಎಂದಾದರೆ, ಅರವತ್ತೆರಡಕ್ಕೆ ‘ಇನ್ನೇನು ಮಾಡೋದು, ಆಯ್ತಲ್ಲ’ ಎನ್ನುವವರಿಗೆ ಯಾವ ಆಧಾರವಿದೆ? ವ್ಯಾಯಾಮ ಬಿಟ್ಟರೆ ಬಂದದ್ದು ಹೋಗುತ್ತದೆ ಎಂಬುದೂ ಅಷ್ಟೇ ನಿಜ. ಆದರೆ ಅದು ಇಪ್ಪತ್ತರವರಿಗೂ ಅನ್ವಯಿಸುವ ಮಾತು.

ಇನ್ನು ಮನೋಭಾವದ ಪ್ರಶ್ನೆಗೆ ಬರುತ್ತೇನೆ. ವಯಸ್ಸಿನ ಕಾರಣಕ್ಕೆ ಮನುಷ್ಯರನ್ನು ಕಡೆಗಣಿಸುವ ಪ್ರವೃತ್ತಿಗೆ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಂ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ವಯೋಭೇದ ಎನ್ನಬಹುದು. ವರ್ಣಭೇದ, ಲಿಂಗಭೇದಗಳಿಗಿಂತ ಇದು ಒಂದು ವಿಷಯದಲ್ಲಿ ಭಿನ್ನ: ಬೇರೆ ಭೇದಗಳಲ್ಲಿ ನಾವು ಇನ್ನೊಬ್ಬರ ಬಗ್ಗೆ ಕಟ್ಟಿಕೊಂಡ ಕಲ್ಪನೆ ಇನ್ನೊಬ್ಬರ ಮೇಲೆಯೇ ಬೀಳುತ್ತದೆ, ಇಲ್ಲಿ ಮಾತ್ರ ಬದುಕಿ ಉಳಿದರೆ ಅದು ಒಂದಲ್ಲ ಒಂದು ದಿನ ನಮ್ಮ ತಲೆಯ ಮೇಲೆಯೇ ಬರುತ್ತದೆ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಹಾಯೊದ ಐವತ್ತು ದಾಟಿದ 660 ಮಂದಿಯ ವಿವರಗಳನ್ನು ಇಪ್ಪತ್ಮೂರು ವರ್ಷಗಳವರೆಗೆ ಹಿಂಬಾಲಿಸಿ ನೋಡಲಾಯಿತು. ತಮ್ಮ ವಯಸ್ಸಾಗುವಿಕೆಯ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯವಾಗಿರುವವರಿಗೆ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇರುವುದು ಸಹಜವಲ್ಲವೇ, ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಅನುಮಾನ ನನಗೂ ಬಂದಿತ್ತು. ಮೊದಲೇ ಇದ್ದ ಆರೋಗ್ಯ, ಲಿಂಗ, ಆರ್ಥಿಕ ಸ್ಥಿತಿ, ಒಂಟಿತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಉಳಿದಿತ್ತು ಎಂದು ಸಂಶೋಧಕರು ಹೇಳಿದ್ದಾರೆ. ಆದರೂ ಇಂಥ ಅಧ್ಯಯನದಿಂದ ಕಾರಣವನ್ನು ಕಲ್ಲಿನಲ್ಲಿ ಕೊರೆದಂತೆ ಹೇಳಲಾಗದು.

ಅದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು 1999ರ ಒಂದು ಪುಟ್ಟ ಪ್ರಯೋಗ. 63ರಿಂದ 82 ವರ್ಷದವರನ್ನು ಅರ್ಧ ಗಂಟೆ ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲೆ, ಕಣ್ಣಿಗೆ ಓದಲಾಗದಷ್ಟು ವೇಗದಲ್ಲಿ, ಕೆಲವರಿಗೆ ಮುಪ್ಪಿನ ಬಗ್ಗೆ ಗೌರವದ ಪದಗಳು, ಕೆಲವರಿಗೆ ಹೀಗಳೆಯುವ ಪದಗಳು ಮಿಂಚಿ ಮರೆಯಾಗುತ್ತಿದ್ದವು. ಬಳಿಕ ಎಲ್ಲರ ನಡಿಗೆಯನ್ನು ಅಳೆದಾಗ, ಒಳ್ಳೆಯ ಪದಗಳನ್ನು ತಮಗರಿವಿಲ್ಲದೆ ಕಂಡವರ ನಡಿಗೆಯ ವೇಗ ಮೊದಲಿಗಿಂತ ಸುಮಾರು ಶೇ 9ರಷ್ಟು ಹೆಚ್ಚಿತ್ತು. ಕಂಡೂ ಕಾಣದ ಪದಕ್ಕೇ ಕಾಲಿನವರೆಗೆ ಇಳಿಯುವ ಶಕ್ತಿ ಇದೆಯೆಂದಾದರೆ, ದಿನವೂ ಕಿವಿಯಾರೆ ಕೇಳುವ ಪದಗಳ ಮಾತೇನು? ನಮ್ಮ ನುಡಿಯನ್ನೇ ನೋಡಿ: ಅರವತ್ತೆಂದರೆ ಅರಳುಮರಳು, ವಯಸ್ಸೆಂದರೆ ಇಳಿವಯಸ್ಸು, ಬದುಕೆಂದರೆ ಮುಸ್ಸಂಜೆ, ಕಾಡು ಬಾ ಎನ್ನುತ್ತದೆ, ಊರು ಹೋಗು ಎನ್ನುತ್ತದೆ. ಹುದ್ದೆಯಿಂದ ನಿವೃತ್ತರಾದವರಿಗೆ ಗೌರವಪೂರ್ವಕವಾಗಿಯೇ ‘ವಿಶ್ರಾಂತ’ ಎಂಬ ಬಿರುದು ಕೊಡುತ್ತೇವೆ. ಮರುದಿನದಿಂದ ಅವರು ವಿಶ್ರಾಂತಿಯಲ್ಲೇ ಇರಬೇಕೆಂದು ಬಿರುದೇ ಅಪ್ಪಣೆ ಮಾಡಿದಂತೆ.

ಈ ಮಾತುಗಳು ನನ್ನೊಳಗೂ ಎಷ್ಟು ಇಳಿದಿವೆ ಎಂಬುದು ಗೊತ್ತಾದದ್ದು ಒಂದು ಬೆಳಿಗ್ಗೆ, ಪ್ಯಾಂಟು ಹಾಕಿಕೊಳ್ಳುವಾಗ. ನನಗೀಗ ಅರವತ್ತು ದಾಟಿದೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಪ್ಯಾಂಟಿಗೆ ತೂರಿಸುವಾಗ ನನ್ನ ಎಡಗೈ ತಾನಾಗಿ ಗೋಡೆ ಹಿಡಿದಿತ್ತು. ಎಂದಿನಿಂದ ಹೀಗೆ ಹಿಡಿಯುತ್ತಿದ್ದೇನೆಂದು ನೆನಪು ಮಾಡಿಕೊಂಡರೆ ಗೊತ್ತೇ ಆಗಲಿಲ್ಲ. ಬಣ್ಣದ ಮೇಲೆ ಅಂಗೈಯಗಲದ ಒಂದು ಮಾಸಲು ಗುರುತು ಮಾತ್ರ ಅದಕ್ಕೆ ಸಾಕ್ಷಿಯಾಗಿತ್ತು. ದಿನವೂ ನಲವತ್ತು ನಿಮಿಷ ವಾಕಿಂಗ್ ಮಾಡುತ್ತೇನೆ, ಇನ್ನೇನು ಬೇಕು ಎಂಬ ಹಮ್ಮು ನನಗಿತ್ತು. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ಮನಸ್ಸಿಗಂತೂ ಬಹಳ ಒಳ್ಳೆಯದು. ಆದರೆ ಸಮತಟ್ಟು ದಾರಿಯಲ್ಲಿ ಮಾತಾಡುತ್ತ ನಡೆಯುವುದರಿಂದ ತೊಡೆಗೆ ಹೊಸ ಬಲ ಬರುವುದು ಕಡಿಮೆ, ಒಂಟಿಕಾಲಿನ ಹಿಡಿತವೂ ಅಷ್ಟಾಗಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದಿದೆ. 65 ದಾಟಿದವರಿಗೆ ಇದರಲ್ಲಿ ಯಾವುದನ್ನೂ ಕಡಿತ ಮಾಡಿಲ್ಲ. ಬದಲಿಗೆ ಸಮತೋಲನ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ಚಟುವಟಿಕೆಯನ್ನು ವಾರಕ್ಕೆ ಮೂರು ದಿನ ಹೆಚ್ಚಾಗಿ ಸೇರಿಸಿದೆ. ವಯಸ್ಸಾದಂತೆ ಕಡಿಮೆ ಮಾಡಿ ಎಂಬ ಸಾಮಾನ್ಯ ಉಪದೇಶಕ್ಕೆ ಇದು ನೇರ ವಿರುದ್ಧವಾಗಿದೆ. 2019ರಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಜಾಲದ ಪರಾಮರ್ಶೆಯ ಪ್ರಕಾರ ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆ. ಆ ಲಾಭ ಗಟ್ಟಿಯಾಗಿ ಕಂಡದ್ದು ಸಮತೋಲನದ, ದಿನನಿತ್ಯದ ಚಲನೆಯನ್ನೇ ಅಭ್ಯಾಸ ಮಾಡಿಸುವ ವ್ಯಾಯಾಮಗಳಲ್ಲಿ, ಬರೀ ನಡಿಗೆಯಲ್ಲಲ್ಲ. ಈಗ ನಾನು ಹಲ್ಲುಜ್ಜುವಾಗ ಒಂದೊಂದು ಕಾಲಿನ ಮೇಲೆ ನಿಲ್ಲುತ್ತೇನೆ. ಮನೆಯವರು ನಗುತ್ತಾರೆ.

ಬೀಳುವ ಭಯದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ, ಆದ್ದರಿಂದ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ನಾವು ಕಂಡುಕೊಂಡ ಪರಿಹಾರವೇ ಅದನ್ನು ನಿಜ ಮಾಡುತ್ತದೆ. ಬಿದ್ದಾರೆಂದು ಓಡಾಟ ಕಡಿಮೆ ಮಾಡಿಸುತ್ತೇವೆ, ಓಡಾಟ ಕಡಿಮೆಯಾದದ್ದಕ್ಕೆ ಕಾಲು ಸೋಲುತ್ತದೆ, ಕಾಲು ಸೋತದ್ದಕ್ಕೆ ಒಂದು ದಿನ ಬೀಳುತ್ತಾರೆ, ಆಗ ‘ನಾನು ಮೊದಲೇ ಹೇಳಿರಲಿಲ್ಲವೇ?’ ಎನ್ನುತ್ತೇವೆ. ಇಲ್ಲಿ ತಪ್ಪಿತಸ್ಥರು ಕೆಟ್ಟವರಲ್ಲ. ತಂದೆತಾಯಿಯನ್ನು ಕೂರಿಸಿ ಸಾಕುವುದೇ ಮಕ್ಕಳ ಧರ್ಮವೆಂದು ನಂಬಿದ, ಅಕ್ಕರೆ ತುಂಬಿದ ಜನ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಹಾಕಿಸಿ, ಬಚ್ಚಲಿನ ನೆಲ ಜಾರದಂತೆ ಮಾಡಿ, ಸರಿಯಾದ ಕನ್ನಡಕ ಕೊಡಿಸಿ ಆಮೇಲೆ ‘ಹತ್ತಿ’ ಎನ್ನುವುದಕ್ಕೆ ಬೇಕಾಗುವ ಅಕ್ಕರೆ ‘ಹತ್ತಬೇಡಿ’ ಎನ್ನುವುದಕ್ಕಿಂತ ಹೆಚ್ಚಿನದು. ಅದರಲ್ಲಿ ದುಡಿಮೆಯೂ ಹೆಚ್ಚು.

ನನ್ನ ಮಾತನ್ನು ಹಿರಿಯರ ಮೇಲೆ ಹೊರಿಸುವ ಹೊಸ ಆಪಾದನೆಯೆಂದು ಯಾರೂ ತಿಳಿಯಬಾರದು. ಜೀವಮಾನವೆಲ್ಲ ಮೈಮುರಿದು ದುಡಿದು, ಸೊಂಟ ಮಂಡಿ ಸವೆದವರ ಮುಂದೆ ನಿಂತು ‘ನಿಮಗೆ ಚಟುವಟಿಕೆ ಸಾಲದು’ ಎನ್ನುವುದು ಉದ್ಧಟತನ. ಅವರಿಗೆ ಬೇಕಾದದ್ದು ನೋವಿಗೆ ಮೊದಲು ಮದ್ದು, ಆಮೇಲೆ ಅವರ ಕೀಲಿಗೆ ಒಗ್ಗುವ ಚಲನೆಯನ್ನು ಹೇಳಿಕೊಡುವ ಒಬ್ಬರು. ಮಂಡಿಯ ಸಂಧಿವಾತಕ್ಕೂ ಇವತ್ತು ವೈದ್ಯಶಾಸ್ತ್ರ ಮೊದಲ ಸಾಲಿನಲ್ಲಿ ಹೇಳುವ ಚಿಕಿತ್ಸೆಗಳಲ್ಲಿ ವ್ಯಾಯಾಮವೂ ಒಂದೆಂಬುದನ್ನು ಮಾತ್ರ ಅವರಿಂದ ಮುಚ್ಚಿಡಬಾರದು. ನಡೆಯಲು ನೆಟ್ಟಗೆ ದಾರಿಯಿಲ್ಲದ ಕಡೆ, ನಡುವೆ ಕೂರಲು ಒಂದು ಬೆಂಚೂ ಇಲ್ಲದ ಕಡೆ ಮನೋಭಾವದ ಪಾಠ ಹೇಳುವುದೂ ವ್ಯರ್ಥ. ಎದೆನೋವು, ತಲೆಸುತ್ತು, ಹತೋಟಿಗೆ ಬಾರದ ಬಿ.ಪಿ., ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಹಾಗೆ ಕೇಳಿದಾಗ ‘ವಯಸ್ಸಾಯ್ತಲ್ಲ’ ಎಂಬಲ್ಲಿಗೇ ಉತ್ತರ ನಿಂತರೆ, ‘ಅದು ಗೊತ್ತು, ಈ ವಯಸ್ಸಿಗೆ ಏನು ಮಾಡಬಹುದು ಹೇಳಿ’ ಎಂದು ಮತ್ತೆ ಕೇಳಬೇಕು.

ಮೊದಲಿನ ವಿಷಯಕ್ಕೆ ಮರಳುತ್ತೇನೆ. ಫ್ರಾನ್ಸಿನ ರೋಬೇರ್ ಮಾರ್ಷಾನ್ ಎಂಬುವರು ಅರವತ್ತೈದು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತಿದವರು. 2012ರಲ್ಲಿ, ನೂರನೆಯ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 24 ಕಿಲೋಮೀಟರಿಗೆ ತುಸು ಹೆಚ್ಚು ತುಳಿದರು. 2014ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ, 26.927 ಕಿಲೋಮೀಟರ್ ತುಳಿದರು. ಪತ್ರಿಕೆಗಳು ‘ನೂರೆರಡರಲ್ಲೂ’ ಎಂದು ಬೆರಗಾದವು. ಆದರೆ ಸುದ್ದಿ ಇದ್ದದ್ದು ಬೇರೆ ಕಡೆ: ಆ ಎರಡು ವರ್ಷಗಳಲ್ಲಿ ಅವರು ಸುಧಾರಿಸಿದ್ದರು. ಒಬ್ಬ ಶರೀರಕ್ರಿಯಾ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಹೆಚ್ಚು ಪಾಲು ಹಗುರವಾಗಿ, ಸ್ವಲ್ಪ ಪಾಲು ಬಿರುಸಾಗಿ ತುಳಿಯುವ ಕ್ರಮಬದ್ಧ ತರಬೇತಿ ಅದರ ಹಿಂದಿತ್ತು. ಬೆರಗಿನ ಸುದ್ದಿ ಓದಿದವರಿಗೆ ಅದರಿಂದ ಕಲಿಯುವುದೇನೂ ಇರುವುದಿಲ್ಲ, ತರಬೇತಿಯ ಸುದ್ದಿ ಓದಿದ್ದರೆ ಇರುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮುಂದೆ ಎಪ್ಪತ್ತರ ಓಟಗಾರರೊಬ್ಬರ, ಎಂಬತ್ತರ ಈಜುಗಾರ್ತಿಯೊಬ್ಬರ ಚಿತ್ರ ಅಚ್ಚುಹಾಕುವಾಗ ಆ ‘ಊ’ಕಾರವನ್ನು ತೆಗೆದು, ಉಳಿಯುವ ಜಾಗದಲ್ಲಿ ಅವರು ಶುರುಮಾಡಿದ್ದು ಯಾವ ವಯಸ್ಸಿನಲ್ಲಿ, ವಾರಕ್ಕೆ ಎಷ್ಟು ದಿನ ಏನೇನು ಮಾಡುತ್ತಾರೆ, ಹೇಳಿಕೊಟ್ಟವರಿದ್ದರೆ ಏನು ಹೇಳಿಕೊಟ್ಟರು ಎಂಬುದನ್ನು ಎರಡು ಸಾಲಿನಲ್ಲಿ ಹಾಕಿಸಬೇಕು. ಆರೋಗ್ಯದ ಪುಟದಲ್ಲಿ ಕುರ್ಚಿಯಿಂದ ಏಳುವ ಆ ಸರಳ ವ್ಯಾಯಾಮವನ್ನು, ದಿಂಬಿನ ಸಮೇತ, ಚಿತ್ರ ಹಾಕಿ ವಿವರಿಸಿದರೆ ಇನ್ನೂ ಸಂತೋಷ. ನನ್ನ ತಾಯಿಯವರು ಈಗ ಕನ್ನಡಕವನ್ನು ತಾವೇ ಎದ್ದುಹೋಗಿ ತಂದುಕೊಂಡು ತಮ್ಮ ಪತ್ರಿಕೆಯನ್ನು ಓದುತ್ತಾರೆ, ಆ ಚಿತ್ರದಲ್ಲಿ ಪಾದ ಇಡುವ ಜಾಗ ತಪ್ಪಾಗಿದ್ದರೆ ಅವರೇ ತಮಗೆ ಪತ್ರ ಬರೆಯುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ